ಹೃದಯದ ಆಪರೇಷನ್ ನಡೆಯುವಾಗ ಮೆದುಳನ್ನು ಯಾರು ನೋಡ್ತಿರ್ತಾರೆ?

ಹೃದಯದ ಆಪರೇಷನ್ ಮತ್ತು ಲಕ್ವದ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಮುಂಬೈಯ ಪರೇಲ್‌ನಲ್ಲಿ ಹೃದಯದ ರೋಗಿಗಳಿಗೆ ಅರಿವಳಿಕೆ ಕೊಡುವುದೇ ನನ್ನ ಕೆಲಸ. ಹಾಗಾಗಿ ಸಂಪಾದಕರು ಪತ್ರಗಳನ್ನೆಲ್ಲ ನನಗೆ ಕಳಿಸಿದರು. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 67 ವರ್ಷ. ಮುಂದಿನ ತಿಂಗಳು ಬೈಪಾಸ್ ಎಂದಿದ್ದಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡ ಭಾವನವರಿಗೆ ವಾಲ್ವ್ ಆಪರೇಷನ್ ಆಗಿತ್ತು. ಎಚ್ಚರವಾದಾಗ ಅವರ ಬಲಗೈ ಏಳಲೇ ಇಲ್ಲ. ಆಪರೇಷನ್ ನಡೆಯುವಾಗಲೇ ಲಕ್ವ ಹೊಡೆದಿದೆ ಎಂದರು. ಅಷ್ಟು ಜನ ಡಾಕ್ಟರು ಸುತ್ತ ನಿಂತಿದ್ದರೂ ಯಾರಿಗೂ ಗೊತ್ತಾಗಲಿಲ್ವಾ? ಅದನ್ನು ಮೊದಲೇ ಹೇಳುವ ಮೆಷಿನ್ ಇಲ್ವಾ?
(ಒಬ್ಬ ಓದುಗರು, ಡೊಂಬಿವಲಿ)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ ಅಮ್ಮಾ. ಆದರೆ ಒಂದು ವಿಷಯ ನೋಡಿ. ಲಕ್ವವನ್ನು ನಾವು ಹೇಗೆ ಗುರುತಿಸುತ್ತೇವೆ? ಬಾಯಿ ಸೊಟ್ಟಗಾಯಿತಾ, ಕೈ ಎತ್ತಲು ಆಗುತ್ತಾ, ಮಾತು ತೊದಲುತ್ತಾ ಎಂದು ನೋಡುತ್ತೇವೆ. ಅರಿವಳಿಕೆಯಲ್ಲಿ ಈ ಮೂರೂ ನಮ್ಮ ಕೈಗೆ ಸಿಗುವುದಿಲ್ಲ. ಬಾಯಲ್ಲಿ ಉಸಿರಿನ ಕೊಳವೆ ಇರುತ್ತೆ. ಸ್ನಾಯುಗಳು ಅಲುಗಾಡದಂತೆ ಔಷಧ ಕೊಟ್ಟಿರುತ್ತೇವೆ. ಕಣ್ಣಿಗೆ ಟೇಪ್ ಹಚ್ಚಿರುತ್ತೇವೆ. ನೋವಿನ ಔಷಧದಿಂದ ಕಣ್ಣಿನ ಪಾಪೆಯೂ ಕುಗ್ಗಿರುತ್ತೆ. ಹೀಗಾಗಿ 'ಈಗ ಸ್ಟ್ರೋಕ್ ಆಯಿತು' ಎಂದು ನೇರವಾಗಿ ಹೇಳುವ ಮೆಷಿನ್ ಇವತ್ತಿಗೂ ಇಲ್ಲ. ಮೆದುಳಿಗೆ ರಕ್ತ ಕಡಿಮೆಯಾಗುತ್ತಿದೆ ಎಂಬ ಸುಳಿವು ಕೊಡುವ ಮೆಷಿನ್‌ಗಳಿವೆ. ಅವುಗಳಿಂದ ಏನು ಸಿಗುತ್ತೆ, ಏನು ಸಿಗುವುದಿಲ್ಲ ಎಂದು ನೀವು ತಿಳಿದಿರುವುದು ಒಳ್ಳೆಯದು.

ಮೊದಲು ಕಾರಣ ಹೇಳುತ್ತೇನೆ. ಬರೀ ಬೈಪಾಸ್ ಆದವರಲ್ಲಿ ಸುಮಾರು ನೂರಕ್ಕೆ ಒಬ್ಬಿಬ್ಬರಿಗೆ ಸ್ಟ್ರೋಕ್ ಆಗುತ್ತೆ. ವಾಲ್ವ್ ಮತ್ತು ಬೈಪಾಸ್ ಒಟ್ಟಿಗೆ ಮಾಡಿದರೆ, ಇಲ್ಲವೇ ಮಹಾಧಮನಿಯ ಕಮಾನಿನ ಆಪರೇಷನ್ ಆದರೆ ಇನ್ನೂ ಜಾಸ್ತಿ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಮಹಾಧಮನಿ ಎನ್ನುತ್ತೇವೆ, ಅದು ಬಾಗುವ ಜಾಗವೇ ಕಮಾನು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಅದರ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿರುತ್ತೆ. ಅಲ್ಲಿ ಕೊಳವೆ ತೂರಿಸುವಾಗ, ಕ್ಲಾಂಪ್ (ನಾಳವನ್ನು ಒತ್ತಿ ಮುಚ್ಚುವ ಚಿಮಟ) ಹಾಕುವಾಗ ಅಥವಾ ತೆಗೆಯುವಾಗ ಒಂದು ಚೂರು ಉದುರಿ ಮೆದುಳಿಗೆ ಹೋಗಬಹುದು. ವಾಲ್ವ್ ಆಪರೇಷನ್‌ನಲ್ಲಿ ಹೃದಯದ ಕೋಣೆಯನ್ನೇ ತೆರೆಯುವುದರಿಂದ ಒಳಗೆ ಉಳಿದ ಗಾಳಿಯ ಗುಳ್ಳೆಯೂ ಹೋಗಬಹುದು. ಇನ್ನೊಂದು ಕಾರಣ ಬಿ.ಪಿ. ತುಂಬಾ ಹೊತ್ತು ಇಳಿದಿರುವುದು. ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಪಂಪ್ ಮೇಲೆ ರೋಗಿ ಇರುವಾಗ ಸರಾಸರಿ ಒತ್ತಡವನ್ನು ಸಾಮಾನ್ಯವಾಗಿ 50ರಿಂದ 80ರ ನಡುವೆ ಇಡುತ್ತಾರೆ. ವರ್ಷಗಟ್ಟಲೆ ಬಿ.ಪಿ. ಜಾಸ್ತಿ ಇದ್ದವರ ಮೆದುಳು ಆ ಜಾಸ್ತಿ ಒತ್ತಡಕ್ಕೇ ಒಗ್ಗಿರುತ್ತೆ. ಅಂಥವರಿಗೆ 50 ಸಾಲದೇ ಹೋಗಬಹುದು. ಅದಕ್ಕೇ ಹೇಳೋದು, ಮನೆಯಲ್ಲಿ ಅಳೆದ ಬಿ.ಪಿ.ಯನ್ನು ಬರೆದಿಟ್ಟ ಪುಸ್ತಕ ಇದ್ದರೆ ಅರಿವಳಿಕೆ ಡಾಕ್ಟರಿಗೆ ತೋರಿಸಿ. ನಮಗೆ ಅದು ನಿಜವಾಗಿ ಬೇಕು. ಆಸ್ಪತ್ರೆಯಲ್ಲಿ ಗಾಬರಿಯಲ್ಲಿ ಅಳೆದ ಅಂಕಿಗಿಂತ ಅದನ್ನೇ ಜಾಸ್ತಿ ನಂಬಬಹುದು.

ಇನ್ನು ಮೆಷಿನ್‌ಗಳ ವಿಷಯ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಹಣೆಗೆ ಅಂಟಿಸುವ ಎರಡು ಸ್ಟಿಕರ್‌ಗಳು. ಓಟಿಯಲ್ಲಿ ಎಲ್ಲರೂ ಇದನ್ನು ನಿರ್ಸ್ ಎನ್ನುತ್ತಾರೆ. ಕಣ್ಣಿಗೆ ಕಾಣದ ಒಂದು ಬಗೆಯ ಕೆಂಪು ಬೆಳಕು ತಲೆಬುರುಡೆ ದಾಟಿ ಒಳಗೆ ಹೋಗಿ ಬರುತ್ತೆ. ಅಲ್ಲಿಯ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬ ಅಂಕಿ ಪರದೆಯ ಮೇಲೆ ಬರುತ್ತೆ. ಈ ಬೆಳಕಿಗೆ ದೇಹದ ಒಳಗೆ ಇಣುಕುವ ಶಕ್ತಿ ಇದೆ ಎಂದು ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು 1977ರಲ್ಲಿ. ಸಾಮಾನ್ಯವಾಗಿ ಅಂಕಿ 60ರಿಂದ 75ರ ಸುತ್ತ ಇರುತ್ತೆ. ಆದರೆ ನಾನು ನೋಡುವುದು ಆ ರೋಗಿಯ ಸ್ವಂತ ಅಂಕಿಯನ್ನು. ನಿದ್ದೆ ಬರಿಸುವ ಮೊದಲೇ ಸ್ಟಿಕರ್ ಹಚ್ಚಿ ಅದನ್ನು ಬರೆದುಕೊಳ್ಳುತ್ತೇನೆ. ಅಲ್ಲಿಂದ ನೂರಕ್ಕೆ ಇಪ್ಪತ್ತರಷ್ಟು ಇಳಿದರೆ ಕೆಲಸ ಶುರು. ತಲೆ ಒಂದು ಕಡೆ ಹೊರಳಿ ಕತ್ತಿನ ರಕ್ತನಾಳ ಅಮುಕಿದೆಯಾ? ಪಂಪ್‌ನ ಕೊಳವೆ ಸರಿಯಾದ ಕಡೆ ಇದೆಯಾ? ಪಂಪ್ ನಡೆಸುವ ಪರ್ಫ್ಯೂಷನಿಸ್ಟ್‌ಗೆ ರಕ್ತದ ಹರಿವು ಜಾಸ್ತಿ ಮಾಡಲು ಹೇಳುತ್ತೇನೆ. ಬಿ.ಪಿ. ಏರಿಸುತ್ತೇನೆ. ಹಿಮೋಗ್ಲೋಬಿನ್ ನೋಡುತ್ತೇನೆ. ಇಂಗಾಲದ ಡೈಆಕ್ಸೈಡ್ ತೀರಾ ಇಳಿದಿದ್ದರೂ ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ. ಅದನ್ನೂ ಸರಿಮಾಡಬೇಕು. ಬಹಳ ಸಲ ಇಷ್ಟಕ್ಕೇ ಅಂಕಿ ಮೇಲೇರುತ್ತೆ.

ಎರಡೂ ಬದಿ ಒಟ್ಟಿಗೆ ಇಳಿದರೆ ನನಗೆ ಅಷ್ಟು ಗಾಬರಿಯಾಗುವುದಿಲ್ಲ. ಒಂದೇ ಬದಿ ಇಳಿದರೆ ಸರ್ಜನ್‌ಗೆ ಆ ಕ್ಷಣವೇ ಹೇಳುತ್ತೇನೆ.

ಆದರೆ ಈ ಸ್ಟಿಕರ್ ನೋಡುವುದು ಹಣೆಯ ಹಿಂದಿನ ಸ್ವಲ್ಪ ಭಾಗವನ್ನು ಮಾತ್ರ. ಮನೆಯ ಮುಂದಿನ ಕಿಟಕಿಯಲ್ಲಿ ಇಣುಕಿ, ಹಿತ್ತಿಲ ಕಡೆಯ ಅಡುಗೆಮನೆಯಲ್ಲಿ ಏನಾಗುತ್ತಿದೆ ಎಂದು ಹೇಳಿದ ಹಾಗೆ ಅದು. ಮೆದುಳಿನ ಹಿಂಭಾಗಕ್ಕೋ, ಆಳದಲ್ಲಿರುವ ಸಣ್ಣ ನಾಳಕ್ಕೋ ಒಂದು ಚೂರು ಹೋಗಿ ಸಿಕ್ಕಿಕೊಂಡರೆ ಅಂಕಿ ಒಂದಿಷ್ಟೂ ಅಲುಗಾಡುವುದಿಲ್ಲ. ಇದನ್ನು ಹಚ್ಚಿದ್ದರಿಂದಲೇ ಸ್ಟ್ರೋಕ್ ಕಡಿಮೆಯಾಗುತ್ತೆ ಎಂದು ಅಧ್ಯಯನಗಳಲ್ಲಿ ಇನ್ನೂ ಖಚಿತವಾಗಿ ಸಾಬೀತಾಗಿಲ್ಲ. ಆದರೂ ನಾನು ಹಚ್ಚುತ್ತೇನೆ. ಸರಿಮಾಡಬಹುದಾದ ತೊಂದರೆ ಇದ್ದರೆ ಇದು ಬೇಗ ಹೇಳುತ್ತೆ, ನನಗೆ ಅಷ್ಟು ಸಾಕು.

ಮೆದುಳಿನ ಅಲೆಗಳನ್ನು ಬರೆಯುವ ಇ.ಇ.ಜಿ. ಇನ್ನೊಂದು ದಾರಿ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಮೇಲೆ ಇದನ್ನು ಮೊದಲು ಮಾಡಿದ್ದು 1924ರಲ್ಲಿ. ಇದರ ಹಿಂದಿನ ಲೆಕ್ಕ ಗಮನಿಸಿ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತೆ. ಅದು 20ರ ಹತ್ತಿರ ಇಳಿದರೆ ಅಲೆಗಳು ನಿಧಾನವಾಗುತ್ತವೆ. 15ರ ಆಸುಪಾಸಿಗೆ ಬಂದರೆ ಗೆರೆ ಸಪಾಟಾಗುತ್ತೆ. 10ಕ್ಕಿಂತ ಕೆಳಗೆ ಜೀವಕೋಶಗಳು ಬೇಗನೆ ಸಾಯತೊಡಗುತ್ತವೆ. ಅಂದರೆ ಅಲೆ ನಿಧಾನವಾದಾಗ ಮೆದುಳು ಇನ್ನೂ ಸತ್ತಿಲ್ಲ, ಉಳಿಸಿಕೊಳ್ಳಲು ಸ್ವಲ್ಪ ಸಮಯ ಇದೆ. ತೊಡಕು ಏನೆಂದರೆ ಅರಿವಳಿಕೆ ಔಷಧದಿಂದಲೂ, ಮೈ ತಣ್ಣಗೆ ಮಾಡಿದಾಗಲೂ ಅಲೆ ನಿಧಾನವಾಗುತ್ತೆ. ಇಲ್ಲೂ ಎಡಬಲ ಹೋಲಿಸಿ ನೋಡುವುದೇ ಮುಖ್ಯ. ಮಣಿಕಟ್ಟಿನ ನರಕ್ಕೆ ಸಣ್ಣಗೆ ಕರೆಂಟ್ ಕೊಟ್ಟು, ಆ ಸುದ್ದಿ ನೆತ್ತಿಗೆ ತಲುಪಿತಾ ಎಂದು ನೋಡುವ ಪರೀಕ್ಷೆಯೂ ಇದೆ. ಅದರ ಅಲೆಯ ಎತ್ತರ ಅರ್ಧಕ್ಕೆ ಇಳಿದರೆ ಎಚ್ಚರಿಕೆ. ಇವಕ್ಕೆ ಪಕ್ಕದಲ್ಲೇ ಕೂತು ನೋಡುವ ನುರಿತವರು ಬೇಕು. ಹಾಗಾಗಿ ಕಮಾನಿನ ಆಪರೇಷನ್‌ಗಳಂಥ ದೊಡ್ಡ ಕೆಲಸಗಳಲ್ಲಿ ಇವನ್ನು ಹೆಚ್ಚಾಗಿ ನೋಡುತ್ತೀರಿ, ಪ್ರತಿ ಬೈಪಾಸ್‌ನಲ್ಲಿ ಅಲ್ಲ.

ನನ್ನನ್ನು ಕೇಳಿದರೆ, ಸುಳಿವು ಹುಡುಕುವುದಕ್ಕಿಂತ ಚೂರು ಉದುರದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಕ್ಲಾಂಪ್ ಹಾಕುವ ಮೊದಲು ಸರ್ಜನ್ ಮಹಾಧಮನಿಯ ಮೇಲೆಯೇ ಅಲ್ಟ್ರಾಸೌಂಡ್ ಇಟ್ಟು ನೋಡಬಹುದು. ಬೆರಳಿಂದ ಮುಟ್ಟಿದರೆ ಗಟ್ಟಿ ಸುಣ್ಣ ಸಿಗುತ್ತೆ, ಮೆತ್ತಗಿನ ಕೊಬ್ಬು ಸಿಗುವುದಿಲ್ಲ. ಉದುರುವುದು ಆ ಮೆತ್ತಗಿನದೇ. ಜಾಗ ಕೆಟ್ಟಿದೆ ಎಂದು ಕಂಡರೆ ಅವರು ಬೇರೆ ಕಡೆ ಕೊಳವೆ ಹಾಕುತ್ತಾರೆ, ಅಥವಾ ಕ್ಲಾಂಪ್ ಬೇಡವೆಂದು ಆಪರೇಷನ್‌ನ ದಾರಿಯನ್ನೇ ಬದಲಿಸುತ್ತಾರೆ. 'ಮಹಾಧಮನಿಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡ್ತೀರಾ?' ಎಂದು ನೀವು ಕೇಳಿದರೆ ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಹಾಗೆಯೇ ಕತ್ತಿನ ರಕ್ತನಾಳಗಳ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಬಗ್ಗೆಯೂ ಕೇಳಿ. ನಿಮ್ಮ ಯಜಮಾನರ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ ಅದು ಬೇಕಾದ ಪರೀಕ್ಷೆ. ಹಿಂದೆ ಯಾವಾಗಲಾದರೂ ಐದು ನಿಮಿಷ ಕೈ ಜೋಮು ಹಿಡಿದು, ಮಾತು ತೊದಲಿ, ತಾನಾಗಿ ಸರಿಹೋಗಿದ್ದರೆ ಅದನ್ನು ಖಂಡಿತ ಹೇಳಿ. 'ಅದೇನು ಮಹಾ' ಎಂದು ಬಿಡಬೇಡಿ.

ಇನ್ನು ಮುಂದಿನದು ನನಗೆ ತುಂಬಾ ಮುಖ್ಯ ಅನಿಸುವ ವಿಷಯ. ಸ್ಟ್ರೋಕ್ ಆಗಿದೆಯಾ ಎಂದು ನಿಜವಾಗಿ ಗೊತ್ತಾಗುವುದು ರೋಗಿ ಎಚ್ಚರಗೊಂಡಾಗ. ಎಲ್ಲ ಸರಿಯಿದ್ದರೆ ಆಪರೇಷನ್ ಆದ ಕೆಲವು ಗಂಟೆಗಳಲ್ಲಿ ಐಸಿಯುನಲ್ಲಿ ನಿದ್ದೆಯ ಔಷಧ ಇಳಿಸಿ, ಕಣ್ಣು ಬಿಡಿ, ಕೈ ಹಿಸುಕಿ, ಕಾಲು ಅಲ್ಲಾಡಿಸಿ ಎನ್ನುತ್ತಾರೆ. ಯಾವ ಭಾಷೆಯಲ್ಲಿ? ಮುಂಬೈಯ ಐಸಿಯುಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್. ಸಿಸ್ಟರ್‌ಗಳಲ್ಲಿ ಕೇರಳದವರು ಬಹಳ. ಫೋರ್ಟ್‌ನ ಒಂದು ಕ್ಯಾಂಟೀನಿನಲ್ಲಿ ಜೀವನವೆಲ್ಲ ದುಡಿದ ಕುಂದಾಪುರ ಕಡೆಯ ಹಿರಿಯರೊಬ್ಬರು ನೆನಪಾಗುತ್ತಾರೆ. ಹಿಂದಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಮಂಪರಿನಲ್ಲಿ 'ಹಾಥ್ ಉಠಾವೋ' ಎಂದರೆ ಸುಮ್ನೆ ಮುಖ ನೋಡುತ್ತಿದ್ದರು. ಸಿ.ಟಿ. ಸ್ಕ್ಯಾನ್‌ಗೆ ಒಯ್ಯುವ ತಯಾರಿ ನಡೆದಿತ್ತು. ನಾನು ಹೋಗಿ 'ಹ್ವಾಯ್, ಬಲ್ಗೈ ಒಂಚೂರ್ ಎತ್ತಿ ಕಾಂಬ' ಎಂದೆ. ಎತ್ತಿದರು. ಎಡಗೈಯನ್ನೂ ಎತ್ತಿದರು. ನ್ಯೂರಾಲಜಿ ಡಾಕ್ಟರು ಬಂದು ಪೂರ್ತಿ ಪರೀಕ್ಷೆ ಮಾಡಿದ ಮೇಲೆ, ಸ್ಟ್ರೋಕ್ ಅಲ್ಲ, ಔಷಧದ ಮಂಪರು ಎಂದು ಖಚಿತವಾಯಿತು.

ಇದಕ್ಕೆ ಉಲ್ಟಾ ಆಗಿದ್ದನ್ನೂ ನೋಡಿದ್ದೇನೆ. ಅದೇ ಹೆಚ್ಚು ಅಪಾಯದ್ದು. ಬಿಜಾಪುರ ಕಡೆಯ ಒಬ್ಬ ಅಜ್ಜಿ ಏನು ಕೇಳಿದರೂ ತಲೆಯಾಡಿಸುತ್ತಿದ್ದರು. ಭಾಷೆ ಬರುವುದಿಲ್ಲ, ಪಾಪ, ಆದರೆ ಚೆನ್ನಾಗಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕೈಕಾಲು ಸರಿಯಾಗೇ ಆಡುತ್ತಿದ್ದವು. ನಾನು ಕನ್ನಡದಲ್ಲಿ ಮೊಮ್ಮಕ್ಕಳ ಹೆಸರು ಕೇಳಿದೆ. ಬಾಯಿಂದ ಬಂದದ್ದು ಅರ್ಥವಿಲ್ಲದ ಶಬ್ದಗಳು. ಸ್ಕ್ಯಾನ್‌ನಲ್ಲಿ ಎಡಬದಿಯ ರಕ್ತನಾಳ ಮುಚ್ಚಿದ್ದು ಕಂಡಿತು. ತಲೆಯಾಡಿಸುವುದು ಮಾತಾಡಿದಂತೆ ಅಲ್ಲ. ರೋಗಿಯ ಮಾತು ಸರಿಯಿದೆಯಾ ಎಂದು ಅವರ ಮನೆಮಾತಿನಲ್ಲೇ ನೋಡಬೇಕು. ಕನ್ನಡವೋ, ತುಳುವೋ, ಕೊಂಕಣಿಯೋ, ಬ್ಯಾರಿಯೋ.

ಹಾಗಾಗಿ ಆಪರೇಷನ್‌ಗೆ ಮೊದಲು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೆ ಹಚ್ಚಿಸಿ. ಯಜಮಾನರು ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಎಡಗೈ ಬಳಸುವವರಾ, ಕಿವಿ ಮಂದವಾ, ಕನ್ನಡಕ ಬೇಕಾ, ಹಲ್ಲಿನ ಸೆಟ್ ಇದೆಯಾ (ಅದಿಲ್ಲದೆ ಎಂಥವರ ಮಾತೂ ತೊದಲುತ್ತೆ), ಕಣ್ಣಿನ ಪೊರೆಯ ಆಪರೇಷನ್ ಆಗಿದೆಯಾ (ಆ ಕಣ್ಣಿನ ಪಾಪೆ ಬೇರೆ ಥರ ಕಾಣಬಹುದು), ಹಳೆಯ ಪೆಟ್ಟಿನಿಂದ ಯಾವ ಕೈಯಾದರೂ ಬಲ ಕಡಿಮೆಯಾ, ಮರೆವು ಇದೆಯಾ ಎಲ್ಲವನ್ನೂ ಬರೆಯಿರಿ. ಐಸಿಯುನಲ್ಲಿ ಇರುವ ಯಾರಿಗೂ ಅವರು ನಿನ್ನೆ ಹೇಗಿದ್ದರು ಎಂದು ಗೊತ್ತಿಲ್ಲ. ನಿಮಗೆ ಗೊತ್ತು. ಭೇಟಿಗೆ ಬಿಟ್ಟಾಗ 'ಹೇಗಿದ್ದೀರಿ' ಎಂದು ಕೇಳಿ ಹೊರಡಬೇಡಿ. ನಗಲು ಹೇಳಿ. ಎರಡೂ ಕೈ ಎತ್ತಿಸಿ. ಒಂದು ಪೂರ್ತಿ ವಾಕ್ಯ ಹೇಳಿಸಿ. ಏನಾದರೂ ಬೇರೆ ಥರ ಅನಿಸಿದರೆ ಆಗಲೇ ಸಿಸ್ಟರ್‌ಗೆ ಹೇಳಿ.

ಪ್ರಶ್ನೆ: ಹೃದಯ ಬಡಿಯುತ್ತಿರುವಾಗಲೇ, ಪಂಪ್ ಇಲ್ಲದೆ ಬೈಪಾಸ್ ಮಾಡಿದರೆ ಸ್ಟ್ರೋಕ್ ಆಗುವುದೇ ಇಲ್ಲ ಎನ್ನುತ್ತಾರೆ. ನಿಜವೇ?
(ಒಬ್ಬ ಓದುಗರು, ವಾಸ್ಕೋ, ಗೋವಾ)

ಉತ್ತರ: ಆಗುವುದೇ ಇಲ್ಲ ಎಂಬುದು ತಪ್ಪು. ಪಂಪ್ ಹಾಕಿ ಮಾಡಿದವರನ್ನೂ ಹಾಕದೆ ಮಾಡಿದವರನ್ನೂ ಹೋಲಿಸಿದ ದೊಡ್ಡ ಅಧ್ಯಯನಗಳಲ್ಲಿ ಸ್ಟ್ರೋಕ್ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಪಂಪ್ ಇಲ್ಲದಿದ್ದರೂ, ಹೊಸ ನಾಳ ಜೋಡಿಸಲು ಮಹಾಧಮನಿಯ ಒಂದು ಬದಿಗೆ ಕ್ಲಾಂಪ್ ಹಾಕಬೇಕಾಗಬಹುದು. ಅಲ್ಲೇ ಚೂರು ಉದುರುವುದು. ಎದೆಯ ಒಳಗೋಡೆಯ ಎರಡು ನಾಳಗಳನ್ನು ಬಳಸಿ, ಉಳಿದ ನಾಳಗಳನ್ನು ಅವಕ್ಕೇ ಜೋಡಿಸಿ, ಮಹಾಧಮನಿಯನ್ನು ಮುಟ್ಟದೆ ಮಾಡುವ ವಿಧಾನ ಇದೆ. ಮಹಾಧಮನಿ ಕೆಟ್ಟಿರುವವರಿಗೆ ಅದರಿಂದ ಲಾಭ ಇದೆ. ಆದರೆ ಅದು ಕೈಪಳಗಿದ ಸರ್ಜನ್ ಕೆಲಸ. ಪಂಪ್ ಹಾಕ್ತೀರಾ ಎಂದಷ್ಟೇ ಕೇಳಬೇಡಿ, 'ಮಹಾಧಮನಿಗೆ ಕ್ಲಾಂಪ್ ಹಾಕ್ತೀರಾ?' ಎಂದು ಕೇಳಿ.

ಪ್ರಶ್ನೆ: ಹಣೆಗೆ ಹಚ್ಚುವ ಸೆನ್ಸರ್‌ಗೆ ಬೇರೆ ಬಿಲ್ ಹಾಕುತ್ತಾರಂತೆ. ನಮಗೆ ಅಷ್ಟು ಶಕ್ತಿಯಿಲ್ಲ. ಅದಿಲ್ಲದೆ ಆಪರೇಷನ್ ಮಾಡಿಸಬಹುದಾ?
(ಒಬ್ಬ ಓದುಗರು, ಮೀರಾ ರೋಡ್)

ಉತ್ತರ: ಮಾಡಿಸಬಹುದು. ಒಬ್ಬರಿಗೆ ಬಳಸಿ ಎಸೆಯುವ ವಸ್ತುವಾದ್ದರಿಂದ ಅದಕ್ಕೆ ದುಡ್ಡು ಬೀಳುತ್ತೆ. ಪ್ಯಾಕೇಜ್‌ನಲ್ಲಿ ಸೇರಿದೆಯಾ ಎಂದು ಮೊದಲೇ ಬರಹದಲ್ಲಿ ಕೇಳಿ. ಸೇರಿಲ್ಲದಿದ್ದರೆ, ಸಾಧಾರಣ ಬೈಪಾಸ್‌ಗೆ ಅದೊಂದೇ ಕಾರಣಕ್ಕೆ ಸಾಲ ಮಾಡಬೇಡಿ, ದಿನಾಂಕ ಮುಂದೂಡಲೂ ಬೇಡಿ. ಕಮಾನಿನ ಆಪರೇಷನ್ ಆದರೆ ಮಾತು ಬೇರೆ. ಅಲ್ಲಿ ಅದು ಇರಲೇಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ರೇಷನ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯ ಕೌಂಟರ್‌ನಲ್ಲಿ ವಿಚಾರಿಸಿ. ಹೃದಯದ ಆಪರೇಷನ್‌ಗಳೂ ಆ ಯೋಜನೆಯಲ್ಲಿವೆ.

ಪ್ರಶ್ನೆ: ಅಮ್ಮನಿಗೆ ಕೆಲವು ವಾರಗಳ ಹಿಂದೆ ಲೋಹದ ಮೈಟ್ರಲ್ ವಾಲ್ವ್ ಹಾಕಿದರು. ಚೆನ್ನಾಗಿಯೇ ಎಚ್ಚರಗೊಂಡರು, ಮಾತಾಡಿದರು. ಮೂರನೆಯ ದಿನ ಸಂಜೆ ವಾರ್ಡಿನಲ್ಲಿ ಕಾಫಿ ಕುಡಿಯುವಾಗ ಬಾಯಿಯ ಮೂಲೆಯಿಂದ ಸುರಿಯಿತು, ಮಾತು ಸಿಗದೆ ತಡವರಿಸಿದರು. ಹತ್ತು ನಿಮಿಷದಲ್ಲಿ ಸರಿಯಾದರು. ನಿಶ್ಶಕ್ತಿ ಇರಬಹುದು ಎಂದರು, ಮನೆಗೆ ಕಳಿಸಿದರು. ನನಗೆ ಈಗಲೂ ಹೆದರಿಕೆ.
(ಒಬ್ಬ ಓದುಗರು, ಚಿಂಚವಡ, ಪುಣೆ)

ಉತ್ತರ: ನಿಮ್ಮ ಹೆದರಿಕೆ ಸರಿಯಾದದ್ದೇ. ಈ ಪತ್ರ ಅಚ್ಚಾಗುವವರೆಗೆ ಕಾಯುವುದು ಬೇಡವೆಂದು ಸಂಪಾದಕರ ಮೂಲಕ ಫೋನ್ ಮಾಡಿಸಿದ್ದೆ. ಉಳಿದವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹೃದಯದ ಆಪರೇಷನ್‌ಗೆ ಸಂಬಂಧಿಸಿದ ಸ್ಟ್ರೋಕ್‌ಗಳಲ್ಲಿ ಸುಮಾರು ಅರ್ಧದಷ್ಟು ಓಟಿಯಲ್ಲಿ ಆಗುವುದಿಲ್ಲ. ರೋಗಿ ಚೆನ್ನಾಗಿ ಎದ್ದು ಮಾತಾಡಿದ ಮೇಲೆ, ಮುಂದಿನ ದಿನಗಳಲ್ಲಿ ಆಗುತ್ತವೆ. ಒಂದು ದೊಡ್ಡ ಕಾರಣ ಹೃದಯದ ತಾಳ ತಪ್ಪುವುದು. ಏಟ್ರಿಯಲ್ ಫಿಬ್ರಿಲೇಷನ್ ಎನ್ನುವ ಈ ತೊಂದರೆ ಆಪರೇಷನ್ ಆದ ಎರಡರಿಂದ ನಾಲ್ಕನೆಯ ದಿನದ ನಡುವೆ ಜಾಸ್ತಿ ಕಾಣಿಸಿಕೊಳ್ಳುತ್ತೆ. ಆಗ ಹೃದಯದ ಎಡ ಮೇಲ್ಕೋಣೆಯ ಒಂದು ಸಣ್ಣ ಚೀಲದಲ್ಲಿ ರಕ್ತ ಹೆಪ್ಪುಗಟ್ಟಿ, ಅಲ್ಲಿಂದ ಮೆದುಳಿಗೆ ಹೋಗುತ್ತೆ. ಮೊದಲಿನಿಂದ ಈ ತಾಳದ ತೊಂದರೆ ಇದ್ದವರು ಆಪರೇಷನ್‌ಗೆ ಮುಂಚೆಯೇ ಆ ಚೀಲ ಮುಚ್ಚುವ ಬಗ್ಗೆ ಸರ್ಜನ್ ಹತ್ತಿರ ಮಾತಾಡಿ. 27 ದೇಶಗಳ ಸುಮಾರು 4,800 ರೋಗಿಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬೇರೆ ಕಾರಣಕ್ಕೆ ಹೃದಯ ಆಪರೇಷನ್ ಆಗುವಾಗಲೇ ಅದನ್ನು ಮುಚ್ಚಿದವರಲ್ಲಿ ಸ್ಟ್ರೋಕ್ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು.

ಹತ್ತು ನಿಮಿಷದಲ್ಲಿ ಸರಿಹೋದ ತೊದಲು ಮುಂದೆ ಬರುವ ದೊಡ್ಡದರ ಮುನ್ಸೂಚನೆ ಆಗಿರಬಹುದು. ನಿಶ್ಶಕ್ತಿಯಲ್ಲಿ ಬಾಯಿಯ ಒಂದೇ ಮೂಲೆ ಇಳಿಯುವುದಿಲ್ಲ. ಆಪರೇಷನ್ ನಂತರ ವಯಸ್ಸಾದವರಿಗೆ ಗೊಂದಲ ಆಗುವುದುಂಟು. ರಾತ್ರಿ ಜಾಸ್ತಿ, ಬೆಳಿಗ್ಗೆ ಕಡಿಮೆ, ಜಾಗ ಯಾವುದೆಂದು ಗೊತ್ತಾಗದು. ಆದರೆ ಅದರಲ್ಲಿ ಒಂದು ಬದಿಯ ಬಲ ಹೋಗುವುದಿಲ್ಲ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವುದು ಮನೆಯವರ ಕೆಲಸವಲ್ಲ. ಕಂಡ ಕೂಡಲೇ ಗಡಿಯಾರ ನೋಡಿ, ಸಮಯ ಬರೆದುಕೊಂಡು, ಜೋರಾಗಿ ಕರೆಯಿರಿ. 'ಅಮ್ಮ ಸ್ವಲ್ಪ ಸುಸ್ತಾಗಿದ್ದಾರೆ' ಎನ್ನಬೇಡಿ. 'ಮುಖ ಸೊಟ್ಟಗಾಗಿದೆ, ಮಾತು ಹೋಗಿದೆ, ಏಳೂ ಹತ್ತಕ್ಕೆ ಶುರುವಾಯಿತು' ಎನ್ನಿ.

ಸಮಯ ಏಕೆ ಅಂದರೆ, ದೊಡ್ಡ ಆಪರೇಷನ್ ಆದ ಹೊಸದರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ. ಎದೆಯಲ್ಲಿ ರಕ್ತಸ್ರಾವ ಆಗಬಹುದು. ಆದರೆ ತೊಡೆಯ ನಾಳದಿಂದ ತಂತಿ ತೂರಿಸಿ ಮೆದುಳಿನ ದೊಡ್ಡ ನಾಳದಲ್ಲಿರುವ ಹೆಪ್ಪನ್ನು ಎಳೆದು ತೆಗೆಯಬಹುದು. ಮೊದಲ 6 ಗಂಟೆ ಬಹಳ ಮುಖ್ಯ. ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಆಪರೇಷನ್ ಆಗಿದೆಯಲ್ಲ, ಇನ್ನೇನೂ ಮಾಡಲಾಗದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನ್ಯೂರಾಲಜಿ ಡಾಕ್ಟರನ್ನು ಕರೆಸಿ ಎಂದು ಕೇಳಿ.

ನಿಮ್ಮ ತಾಯಿಯನ್ನು ಡಿಸ್ಚಾರ್ಜ್ ಕಾಗದದ ಸಮೇತ ತಕ್ಷಣ ನ್ಯೂರಾಲಜಿ ಡಾಕ್ಟರಿಗೆ ತೋರಿಸಿ. ಇ.ಸಿ.ಜಿ., ಎಕೋ, ತಲೆಯ ಸ್ಕ್ಯಾನ್, ಕತ್ತಿನ ಡಾಪ್ಲರ್ ಬೇಕಾಗುತ್ತವೆ. ತಾಳ ತಪ್ಪುವುದು ಬಂದು ಹೋಗಿ ಮಾಡುವುದರಿಂದ 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಕೂಡ ಬೇಕಾಗಬಹುದು. ಲೋಹದ ವಾಲ್ವ್ ಇರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅಸಿಟ್ರಾಮ್ ಅಥವಾ ವಾರ್ಫರಿನ್, ತಗೊಳ್ತಿರಬೇಕು, ಅಲ್ವಾ? ಆ ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಐ.ಎನ್.ಆರ್. ರಕ್ತಪರೀಕ್ಷೆ ಇವತ್ತೇ ಮಾಡಿಸಿ. ಡಾಕ್ಟರು ಹೇಳಿದ ಮಟ್ಟಕ್ಕಿಂತ ಅದು ಕಡಿಮೆ ಇದ್ದರೆ ಅಂದೇ ಫೋನ್ ಮಾಡಿ. ಮಾತ್ರೆಯ ಪ್ರಮಾಣವನ್ನು ನೀವೇ ಬದಲಿಸಬೇಡಿ. ಮತ್ತೊಮ್ಮೆ ಬಾಯಿ ಸೊಟ್ಟಗಾದರೆ, ಅರ್ಧ ನಿಮಿಷಕ್ಕೇ ಸರಿಹೋದರೂ, 108ಕ್ಕೆ ಕರೆಮಾಡಿ. ಸಿ.ಟಿ. ಮತ್ತು ಹೆಪ್ಪು ತೆಗೆಯುವ ಸೌಲಭ್ಯ ಎರಡೂ ಇರುವ ಆಸ್ಪತ್ರೆ ನಿಮಗೆ ಹತ್ತಿರದಲ್ಲಿ ಯಾವುದಿದೆ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.